ಮೊದಲ ತಿಂಗಳ ಪಾಠ

ನಾಗಪುರದಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು ನಲವತ್ತು ದಾಟುತ್ತದೆ, ಕಾಂಪೌಂಡು ಗೋಡೆಗಳ ಮೇಲೆ ‘ಉನ್ಹಾಳಿ ಶಿಬಿರ’ದ ಬ್ಯಾನರುಗಳು ಬರುತ್ತವೆ. ಕರಾಟೆ, ಜೂಡೊ, ಟೇಕ್ವಾಂಡೊ, ಲಾಠಿ. ಎಲ್ಲವೂ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಆಮೇಲೆ ಹೊರಗೆ ನಿಲ್ಲಲಾಗದು. ಹತ್ತು ವರ್ಷದ ಮಗಳು ಈ ಸಲ ‘ನಾನೂ ಸೇರ್ತೀನಿ’ ಅಂದಳು. ಯಾವುದಕ್ಕೆ ಅಂದರೆ, ‘ಯಾವ್ದಾದ್ರೂ ಸರಿ.’

ನನಗೆ ಯಾವುದಾದರೂ ಸರಿಹೋಗುತ್ತಿರಲಿಲ್ಲ. ದಾವಣಗೆರೆ ಕಡೆಯ ನಮ್ಮೂರಲ್ಲಿ ಅಪ್ಪ ಗರಡಿಯಲ್ಲಿ ಬೆಳೆದವರು. ಅಣ್ಣನನ್ನು ಒಳಗೆ ಕರೆದೊಯ್ಯುತ್ತಿದ್ದರು, ನಾನು ಅವನ ಅಂಗಿ ಹಿಡಿದುಕೊಂಡು ಬಾಗಿಲಾಚೆ ನಿಲ್ಲುತ್ತಿದ್ದೆ. ಹೆಣ್ಣುಮಕ್ಕಳು ಆ ಮಣ್ಣು ತುಳಿಯುವಂತಿರಲಿಲ್ಲ. ನಿಂತಲ್ಲಿಂದಲೇ ಒಂದು ವಿಷಯ ಗಮನಿಸಿದ್ದೆ. ಹೊಸಬರಿಗೆ ಮೊದಲು ಪಟ್ಟು ಹೇಳಿಕೊಡುತ್ತಿರಲಿಲ್ಲ. ಕೈಗೆ ಗುದ್ದಲಿ ಕೊಟ್ಟು, ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿದ ಕೆಮ್ಮಣ್ಣು ಅಗೆಸುತ್ತಿದ್ದರು. ತೋಳು, ಸೊಂಟ, ಉಸಿರು ಅಲ್ಲೇ ಹದವಾಗುತ್ತಿದ್ದವು.

ಹಾಗಾಗಿ ಇಲ್ಲಿ ಒಂದೊಂದು ತರಗತಿ ನೋಡಲು ಹೋದಾಗಲೂ ಕೇಳಿದ್ದು ಒಂದೇ ಪ್ರಶ್ನೆ: ಮೊದಲ ತಿಂಗಳು ಏನು ಕಲಿಸ್ತೀರಿ?

ಕರಾಟೆಯಲ್ಲಿ ನಿಲ್ಲುವುದು. ಕುದುರೆ ಏರಿದಂತೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ತೊಡೆ ನಡುಗುವವರೆಗೆ. ಒಕಿನಾವಾ ದ್ವೀಪದ ಈ ವಿದ್ಯೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ತೋರಿಸಿದ ಮೇಲೆ ಅದು ಜಪಾನಿನಲ್ಲೆಲ್ಲ ಹರಡಿತು. ‘ಚೀನೀ ಕೈ’ ಎಂದಿದ್ದ ಹೆಸರು, ಅದೇ ಉಚ್ಚಾರದಲ್ಲಿ, ‘ಬರಿಗೈ’ ಎಂದಾದದ್ದು ಆಮೇಲೆ.

ಕೊರಿಯಾದ ಟೇಕ್ವಾಂಡೊದಲ್ಲಿ ಕಾಲು ಎತ್ತುವುದು. ಹೆಸರು ಬಂದದ್ದು 1955ರಲ್ಲಿ. ಪಂದ್ಯದಲ್ಲಿ ತಲೆಗೆ ತಾಗಿದ ಒದೆತಕ್ಕೆ ಹೆಚ್ಚು ಅಂಕ, ಹಾಗಾಗಿ ಮಕ್ಕಳು ಮೊದಲ ದಿನದಿಂದಲೇ ತೊಡೆಸಂದು ಸಡಿಲಿಸುತ್ತಾರೆ.

ಲಾಠಿಯಲ್ಲಿ ಮಣಿಕಟ್ಟು ತಿರುಗಿಸುವುದು. ಇದು ಈ ಸೀಮೆಯದೇ ವಿದ್ಯೆ. ಪಕ್ಕದ ಅಮರಾವತಿಯಲ್ಲಿ 1914ರಲ್ಲಿ ಶುರುವಾದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿ ಕಬಡ್ಡಿ ಆಡಿ ತೋರಿಸಿ ಬಂದಿದ್ದರು.

ನಮ್ಮ ಬಿಲ್ಡಿಂಗಿನ ಮಲಯಾಳಿ ಆಂಟಿ ಕಳರಿಯ ಕಥೆ ಹೇಳಿದರು. ಅಲ್ಲಿ ಮೊದಲು ಮೈ ಬಳಕಿಸುವುದು, ಆಮೇಲೆ ಕೋಲು, ಆಮೇಲೆ ಕತ್ತಿ. ಬರಿಗೈ ಕಾಳಗ ಕಟ್ಟಕಡೆಗೆ. ಕರಾಟೆ ಶುರುವಾಗುವಲ್ಲಿಗೆ ಕಳರಿ ಮುಗಿಯುತ್ತದೆ! ವಡಕರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದರೂ ಕತ್ತಿ ಹಿಡಿದು ಕಲಿಸುತ್ತಿದ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಆ ಕಥೆ ಕೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಜೂಡೊದಲ್ಲಿ ಮೊದಲು ಬೀಳುವುದು. ಗದ್ದ ಎದೆಗೊತ್ತಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ಚಾಪೆಗೆ ಬಡಿಯುವುದು. ಜಿಗೊರೊ ಕಾನೊ 1882ರಲ್ಲಿ ಇದನ್ನು ಕಟ್ಟಿದಾಗ ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಅಭ್ಯಾಸದ ಕುಸ್ತಿಯಿಂದ ಹೊರಗಿಟ್ಟರು. ಒಲಿಂಪಿಕ್ಸ್‌ಗೆ 1964ರಲ್ಲೇ ಬಂದರೂ ಹೆಂಗಸರಿಗೆ ಪದಕದ ಪಂದ್ಯ ಸಿಕ್ಕಿದ್ದು 1992ರಲ್ಲಿ. ಬಾಗಿಲಾಚೆ ನಿಂತವಳು ನಾನೊಬ್ಬಳೇ ಅಲ್ಲ.

‘ಹದಿನೈದು ದಿನದಲ್ಲಿ ಸೆಲ್ಫ್ ಡಿಫೆನ್ಸ್’ ಎಂಬ ಬ್ಯಾನರೂ ಇತ್ತು. ಅಲ್ಲಿಗೆ ಹೋಗಲಿಲ್ಲ. ಹದಿನೈದು ದಿನಕ್ಕೆ ಗರಡಿಯ ಮಣ್ಣೇ ಹದವಾಗುವುದಿಲ್ಲ, ಇನ್ನು ಮೈ? ಮಕ್ಕಳನ್ನು ಸೇರಿಸುವ ಮೊದಲು ನೀವೂ ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ. ಹೊಸ ಮಗುವಿನ ಜೊತೆ ಅವರಿಗೆ ಎಷ್ಟು ತಾಳ್ಮೆ ಇದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಮಗಳು ಜೂಡೊ ಆರಿಸಿಕೊಂಡಳು. ಊರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಮೊದ್ಲು ಏನ್ ಕಲ್ಸ್ತಾರಂತವ್ವ?’

‘ಬೀಳೋದು, ಅಪ್ಪ.’

‘ಹಂಗಾರೆ ಕಳ್ಸು. ವಿದ್ಯೆ ತಿಳಿದೋರೇ ಇದಾರೆ.’