ಲಂಡನ್ ಪೇಟೆಯಲ್ಲಿ ಮೈಗೊಪ್ಪುವ ಬಟ್ಟೆ

ವಸ್ತ್ರವು ದೇಹರಕ್ಷಣೆಗೂ ಮಾನರಕ್ಷಣೆಗೂ ಇರತಕ್ಕದ್ದೆಂಬುದು ಎಲ್ಲರೂ ಒಪ್ಪುವ ಮಾತು. ಸ್ವಂತ ಊರಿನಲ್ಲಿ ಬಾಳುವವನಿಗೆ ಈ ಎರಡು ಪ್ರಯೋಜನಗಳೂ ವಿಶೇಷ ಚಿಂತೆಯಿಲ್ಲದೆ ಸಿದ್ಧಿಸುತ್ತವೆ. ಪೇಟೆಗೆ ಹೋಗಿ ಅರಿವೆ ಹರಿಸಿಕೊಂಡು ಪರಿಚಯದ ಸಿಂಪಿಗನ ಮುಂದೆ ನಿಂತರೆ ಸಾಕು. ತಂದೆಯ ಮೈಯಳತೆಯನ್ನೂ ಬಲ್ಲ ಆತ ಮಗನಿಗೆ ಒಪ್ಪುವಂತೆ ಅಂಗಿ ಹೊಲಿದುಕೊಡುತ್ತಾನೆ. ಪರದೇಶದಲ್ಲಿ ನೆಲೆಸಹೋದವನಿಗೆ ಈ ಸೌಕರ್ಯವಿಲ್ಲ. ಅಲ್ಲಿ ಬಟ್ಟೆಯೆಂದರೆ ಬೇರೆಯವರ ಮೈಗೆ, ಬೇರೆಯವರ ಸಂಪಾದನೆಗೆ ತಕ್ಕಂತೆ ಸಿದ್ಧವಾಗಿ ತೂಗುಹಾಕಿದ ವಸ್ತು. ಅದರೊಳಗೆ ತನ್ನ ಮೈಯನ್ನೂ ತನ್ನ ಕೈಯಲ್ಲಿರುವ ಹಣವನ್ನೂ ಹೇಗೆ ಹೊಂದಿಸಬೇಕೆಂಬುದು ಹೊಸಬನಿಗೆ ಎದುರಾಗುವ ಮೊದಲ ಪರೀಕ್ಷೆ. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಲಂಡನ್ ಮಹಾನಗರದಲ್ಲಿರುವುದರಿಂದ, ಆ ನಗರದ ಬಟ್ಟೆಯ ಪೇಟೆಯಲ್ಲಿ ಕಂಡು ಕೇಳಿದ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಹಿಂದೆ ಆ ನಾಡಿಗೆ ಹೋದ ನಮ್ಮವರಲ್ಲಿ ವೈದ್ಯರೇ ಹೆಚ್ಚು. ಬಳಿಕ ಗಣಕಯಂತ್ರದ ಎಂಜಿನಿಯರುಗಳು ಹೋದರು. ಈಗ ವಿದ್ಯಾರ್ಥಿಗಳೂ ದಾದಿಯರೂ ವೃದ್ಧರ ಆರೈಕೆಯ ಕೆಲಸಕ್ಕೆ ನಿಂತವರೂ ಇದ್ದಾರೆ. ಹ್ಯಾರೋ, ಹೌನ್ಸ್‌ಲೋ ಮೊದಲಾದ ಬಡಾವಣೆಗಳಲ್ಲಿ ಇಂಥವರ ಕೋಣೆಗಳನ್ನು ನೋಡಿದರೆ, ಬಂದ ಹಣದ ದೊಡ್ಡ ಪಾಲು ಬಾಡಿಗೆಗೇ ಹೋಗುವುದು ತಿಳಿಯುತ್ತದೆ. ಆದರೂ ಚಳಿ ಕಾಯುವುದಿಲ್ಲ. ಗಾಳಿ ತಡೆಯುವ ದಪ್ಪ ಕೋಟು, ಉಣ್ಣೆಯ ಸ್ವೆಟರು, ಮಳೆಗೆ ನೆನೆಯದ ಬೂಟು, ಕೆಲಸಕ್ಕೆ ಹೋಗಲು ಎರಡು ಮೂರು ಪ್ಯಾಂಟು ಶರ್ಟು, ಸಂದರ್ಶನಕ್ಕೆ ಒಂದು ಸೂಟು, ಇಷ್ಟು ಇಲ್ಲದೆ ಅಲ್ಲಿ ದಿನಚರಿ ಸಾಗದು. ಇವನ್ನೆಲ್ಲ ಮೊದಲ ತಿಂಗಳಲ್ಲಿಯೇ ದೊಡ್ಡ ಅಂಗಡಿಯಲ್ಲಿ ಕೊಂಡವನು ಎರಡನೆಯ ತಿಂಗಳು ಸಾಲಗಾರನಾಗುತ್ತಾನೆ.

ಅಂಕಿಗಳ ಭಾಷೆ

ಆ ಪೇಟೆಯಲ್ಲಿ ಮೊದಲು ಕಲಿಯಬೇಕಾದುದು ಅಂಕಿಗಳ ಭಾಷೆಯನ್ನು. ಗಂಡಸರ ಕಚೇರಿ ಶರ್ಟನ್ನು ಕೊರಳಿನ ಸುತ್ತಳತೆಯಿಂದ ಗುರುತಿಸುತ್ತಾರೆ: ೧೫, ೧೫½, ೧೬ ಅಂಗುಲ ಎಂಬಂತೆ. ಪ್ಯಾಂಟಿಗೆ ಎರಡು ಅಂಕಿಗಳು: ಒಂದು ಸೊಂಟದ ಸುತ್ತು, ಮತ್ತೊಂದು ಕಾಲಿನ ಒಳಭಾಗದ ಉದ್ದ. ಈ ಎರಡನೆಯದನ್ನು ನಮ್ಮವರು ಸಾಮಾನ್ಯವಾಗಿ ಮರೆಯುತ್ತಾರೆ. ಸೊಂಟ ಸರಿಹೊಂದಿತೆಂದು ಕೊಂಡು ತಂದ ಪ್ಯಾಂಟು ಪಾದದ ಮೇಲೆ ಮಡಿಕೆಮಡಿಕೆಯಾಗಿ ಬೀಳುತ್ತದೆ. ಅನೇಕ ಅಂಗಡಿಗಳಲ್ಲಿ ಗಿಡ್ಡ, ಸಾಧಾರಣ, ಉದ್ದ ಎಂಬ ಮೂರು ಬಗೆಗಳು ಒಂದೇ ಸಾಲಿನಲ್ಲಿ ತೂಗಾಡುತ್ತಿರುತ್ತವೆ. ಚೀಟಿಯನ್ನು ಓದುವ ತಾಳ್ಮೆ ಬೇಕು. ಸೂಟಿನ ಕೋಟಿಗೆ ಎದೆಯ ಅಳತೆಯ ಪಕ್ಕದಲ್ಲಿ ಒಂದು ಅಕ್ಷರವಿರುತ್ತದೆ. ೩೮ರ ಮುಂದೆ 'ಎಸ್' ಎಂದಿದ್ದರೆ ಅದು ಗಿಡ್ಡ ಮೈಕಟ್ಟಿನವರದು.

ಹೆಂಗಸರ ಬಟ್ಟೆಯ ೮, ೧೦, ೧೨ ಎಂಬ ಅಂಕಿಗಳು ಅಂಗುಲಗಳೂ ಅಲ್ಲ, ಸೆಂಟಿಮೀಟರುಗಳೂ ಅಲ್ಲ. ಕೇವಲ ರೂಢಿಯ ಸಂಕೇತಗಳು. ಬ್ರಿಟನ್ನಿನ ೧೨ ಅಮೆರಿಕದಲ್ಲಿ ಸುಮಾರು ೮ ಆಗುತ್ತದೆ. ಅಷ್ಟೇ ಅಲ್ಲ, ಒಂದು ಅಂಗಡಿಯ ೧೨ ಪಕ್ಕದ ಅಂಗಡಿಯ ೧೨ಕ್ಕೆ ಸಮನಾಗಿರಬೇಕೆಂಬ ನಿಯಮವೂ ಇಲ್ಲ. ಐದಡಿ ಮೂರಂಗುಲಕ್ಕಿಂತ ಕುಳ್ಳಗಿರುವ ಹೆಣ್ಣುಮಕ್ಕಳಿಗೆ 'ಪೆಟೀಟ್' ಎಂಬ ಪ್ರತ್ಯೇಕ ವಿಭಾಗವುಂಟು. ತೋಳು, ಟೊಂಕ, ಮೊಳಕಾಲುಗಳ ಸ್ಥಾನವನ್ನು ಅದರಲ್ಲಿ ಅವರ ಎತ್ತರಕ್ಕೆ ತಕ್ಕಂತೆ ಕತ್ತರಿಸಿರುತ್ತಾರೆ. ಬೂಟಿನ ವಿಷಯದಲ್ಲಿ ಮಾತ್ರ ನಮ್ಮವರು ನಿಶ್ಚಿಂತರು. ಭಾರತದಲ್ಲಿ ರೂಢಿಯಲ್ಲಿರುವ ಬೂಟಿನ ಅಂಕಿಗಳು ಬ್ರಿಟನ್ನಿನವೇ ಆದುದರಿಂದ ಹುಬ್ಬಳ್ಳಿಯ ಎಂಟು ಲಂಡನ್ನಿನಲ್ಲೂ ಎಂಟೇ.

ಇನ್ನೊಂದು ಉಪಯುಕ್ತ ವಿಷಯ. ಆ ದೇಶದಲ್ಲಿ ಬಟ್ಟೆಯ ಮೇಲೆ ನೂರಕ್ಕೆ ೨೦ರಷ್ಟು ಮೌಲ್ಯವರ್ಧಿತ ತೆರಿಗೆಯಿದ್ದರೂ ಎಳೆಯ ಮಕ್ಕಳ ಉಡುಪಿಗೂ ಪಾದರಕ್ಷೆಗೂ ಆ ತೆರಿಗೆ ಶೂನ್ಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ ಸ್ವೆಟರು, ಮಳೆಕೋಟುಗಳು ಕೃಶದೇಹದ ನಮ್ಮ ಹೆಣ್ಣುಮಕ್ಕಳಿಗೆ ಸರಿಹೊಂದುವುದುಂಟು. ಇದನ್ನು ಬಲ್ಲ ಗೃಹಿಣಿಯರು ಹೆಂಗಸರ ವಿಭಾಗಕ್ಕೆ ಹೋಗುವ ಮುನ್ನ ಮಕ್ಕಳ ವಿಭಾಗವನ್ನು ನೋಡುತ್ತಾರೆ.

ವಲಸಿಗರು ಕಟ್ಟಿದ ಪೇಟೆ

ಆಂಗ್ಲರ ನಾಡಿನಲ್ಲಿ ಸಾಮಾನ್ಯ ಜನರಿಗೆ ಅಗ್ಗದ ಬಟ್ಟೆ ದೊರಕುವಂತೆ ಮಾಡಿದವರಲ್ಲಿ ಪರದೇಶಗಳಿಂದ ಬರಿಗೈಯಲ್ಲಿ ಬಂದವರು ಅನೇಕರೆಂಬುದು ಸ್ವಾರಸ್ಯಕರ ಸಂಗತಿ. ಇಂದು ಮಧ್ಯಮ ವರ್ಗದ ನಂಬಿಕೆಯ ಅಂಗಡಿಯಾದ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮೊದಲಾದುದು ೧೮೮೪ರಲ್ಲಿ, ಲೀಡ್ಸ್ ನಗರದ ಸಂತೆಯ ಒಂದು ಕಟ್ಟೆಯ ಮೇಲೆ. ಅದನ್ನು ಹೂಡಿದ ಮೈಕೆಲ್ ಮಾರ್ಕ್ಸ್ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ. ಭಾಷೆ ಸರಿಯಾಗಿ ಬಾರದ ಆತ ತನ್ನ ವಸ್ತುಗಳಿಗೆಲ್ಲ ಒಂದೇ ಪೆನ್ನಿ ಬೆಲೆಯಿಟ್ಟು, ಬೆಲೆ ಕೇಳುವ ಕಷ್ಟವನ್ನೇ ತಪ್ಪಿಸಿದನು. ಅದೇ ಲೀಡ್ಸಿನಲ್ಲಿ ಕೂಲಿಕಾರರಿಗೂ ಎಟಕುವ ಬೆಲೆಗೆ ಅಳತೆಯ ಸೂಟು ಹೊಲಿಸಿಕೊಟ್ಟ ಮಾಂಟೇಗ್ ಬರ್ಟನ್ ಲಿಥುವೇನಿಯಾದಿಂದ ಬಂದವನು. ಅವನ ಹೆಸರಿನ ಅಂಗಡಿಗಳು ೨೦೨೧ರಲ್ಲಿ ಮುಚ್ಚಿದವು. ಈಗ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಜನ ಮುಗಿಬೀಳುವ ಪ್ರೈಮಾರ್ಕ್ ಕೂಡ ೧೯೬೯ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾದುದು.

ನಗರದ ಪೂರ್ವಭಾಗಕ್ಕೆ ಹೋದರೆ ಈ ಚರಿತ್ರೆ ಕಣ್ಣಿಗೇ ಕಾಣುತ್ತದೆ. ಸ್ಪಿಟಲ್‌ಫೀಲ್ಡ್ಸ್ ಪ್ರದೇಶದಲ್ಲಿ ಮೊದಲು ಫ್ರಾನ್ಸಿನಿಂದ ಓಡಿಬಂದ ರೇಷ್ಮೆ ನೇಕಾರರು ಮಗ್ಗ ಹೂಡಿದರು. ಅನಂತರ ಯಹೂದಿ ದರ್ಜಿಗಳು ಬಂದರು. ಅವರ ಹಿಂದೆ ಬಂಗಾಳದ ಹೊಲಿಗೆಯವರು. ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಒಂದು ಕಟ್ಟಡವಿದೆ. ೧೭೪೩ರಲ್ಲಿ ಫ್ರೆಂಚ್ ಪ್ರೊಟೆಸ್ಟೆಂಟರ ಪ್ರಾರ್ಥನಾಲಯವಾಗಿ ಕಟ್ಟಿದ ಅದು ೧೮೯೮ರಲ್ಲಿ ಯಹೂದಿಗಳ ಸಿನಗಾಗ್ ಆಯಿತು, ೧೯೭೬ರಿಂದ ಮಸೀದಿಯಾಗಿದೆ. ದೇವರನ್ನು ಕರೆಯುವ ಹೆಸರು ಬದಲಾದರೂ ಸುತ್ತಲ ಬೀದಿಗಳಲ್ಲಿ ನೂಲು ಸೂಜಿಗಳ ಕೆಲಸ ತಲೆತಲಾಂತರ ನಡೆದುಬಂತು. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಪೆಟಿಕೋಟ್ ಲೇನ್ ಸಂತೆ ಭಾನುವಾರದ ಬಟ್ಟೆಯ ಸಂತೆಯೆಂದೇ ಹೆಸರಾದುದು. ಆ ಬೀದಿಗೆ ಸರಕಾರಿ ದಾಖಲೆಯಲ್ಲಿ ಮಿಡ್ಲ್‌ಸೆಕ್ಸ್ ಸ್ಟ್ರೀಟ್ ಎಂಬ ಗಂಭೀರ ನಾಮಧೇಯವಿದ್ದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಕೋಟು, ಜಾಕೀಟು, ಕಾಲುಚೀಲಗಳನ್ನು ಕೂಗಿ ಮಾರುವ ಆ ಗದ್ದಲದಲ್ಲಿ ನಮ್ಮ ಊರಿನ ಸಂತೆಯ ನೆನಪಾಗದಿರದು. ಅಗ್ಗವೆಂದು ತೊಡದೆಯೇ ಕೊಂಡರೆ ಮಾತ್ರ ಮರುದಿನ ಹಿಂದಿರುಗಿಸುವುದು ಕಷ್ಟ.

ಹಿಂದಿರುಗಿಸುವ ವಿಷಯದಲ್ಲಿ ಅಲ್ಲಿಯ ಕಾನೂನನ್ನು ತಿಳಿದಿರಬೇಕು. ದೋಷವಿರುವ ಬಟ್ಟೆಯನ್ನು ೩೦ ದಿನಗಳೊಳಗೆ ಮರಳಿಸಿ ಪೂರ್ಣ ಹಣ ಪಡೆಯುವ ಹಕ್ಕನ್ನು ೨೦೧೫ರ ಗ್ರಾಹಕ ಹಕ್ಕುಗಳ ಕಾಯಿದೆ ಕೊಟ್ಟಿದೆ. ದೋಷವಿಲ್ಲದೆ ಕೇವಲ ಮೈಗೆ ಹೊಂದದಿದ್ದರೆ, ಅಂಗಡಿಯಲ್ಲಿ ನಿಂತು ಕೊಂಡದ್ದನ್ನು ಮರಳಿ ಪಡೆಯಬೇಕೆಂಬ ಕಾನೂನಿಲ್ಲ. ಆದರೂ ಹೆಚ್ಚಿನ ದೊಡ್ಡ ಅಂಗಡಿಗಳು ರಸೀದಿ ಇದ್ದರೆ ನಿಗದಿತ ದಿನಗಳೊಳಗೆ ಮರಳಿ ಪಡೆಯುತ್ತವೆ. ಮನೆಯಲ್ಲಿ ಕುಳಿತು ಅಂತರಜಾಲದ ಮೂಲಕ ತರಿಸಿದ ಬಟ್ಟೆಯಾದರೆ, ಅದು ಕೈಸೇರಿದ ೧೪ ದಿನಗಳೊಳಗೆ ಕಾರಣ ಹೇಳದೆಯೇ ಬೇಡವೆನ್ನಬಹುದು. ಆದುದರಿಂದ ರಸೀದಿಯನ್ನು ಜೋಪಾನವಾಗಿಡುವುದೂ, ಮೈಗೆ ಹೊಂದಿತೆಂದು ನಿಶ್ಚಯವಾಗುವವರೆಗೆ ಚೀಟಿ ಕೀಳದಿರುವುದೂ ಜಾಣತನ.

ದಾನದ ಅಂಗಡಿಗಳು

ಎಲ್ಲಕ್ಕಿಂತ ಮನಸ್ಸನ್ನು ಸೆಳೆದವು ಅಲ್ಲಿಯ ದಾನದ ಅಂಗಡಿಗಳು. ಜನರು ತಾವು ತೊಟ್ಟು ಸಾಕಾದ, ಇಲ್ಲವೆ ಮೈಗೆ ಹೊಂದದೆ ಉಳಿದ ಒಳ್ಳೆಯ ಬಟ್ಟೆಗಳನ್ನು ಒಗೆದು ಮಡಿಸಿ ಈ ಅಂಗಡಿಗಳಿಗೆ ಕೊಡುತ್ತಾರೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು, ಅದರಲ್ಲೂ ನಿವೃತ್ತರು, ಅವನ್ನು ಆರಿಸಿ ಜೋಡಿಸಿ ಅಲ್ಪ ಬೆಲೆಗೆ ಮಾರುತ್ತಾರೆ. ಬಂದ ಲಾಭ ಬರಪೀಡಿತರಿಗೆ, ರೋಗಿಗಳಿಗೆ, ಅನಾಥ ಮಕ್ಕಳಿಗೆ ಸಲ್ಲುತ್ತದೆ. ೧೯೪೨ರಲ್ಲಿ ಯುದ್ಧಕಾಲದ ಕ್ಷಾಮನಿವಾರಣೆಗೆಂದು ಆಕ್ಸ್‌ಫರ್ಡ್ ನಗರದಲ್ಲಿ ಹುಟ್ಟಿದ ಸಮಿತಿಯೇ ಇಂದಿನ ಆಕ್ಸ್‌ಫ್ಯಾಮ್. ಅದೇ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ೧೯೪೦ರ ದಶಕದ ಕೊನೆಗೆ ಅದು ತೆರೆದ ಅಂಗಡಿ ಇಂಥವುಗಳಿಗೆ ಮಾದರಿಯಾಯಿತು. ಹೃದ್ರೋಗ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸಂಸ್ಥೆಗಳದೂ ಊರೂರಿನಲ್ಲಿ ಅಂಗಡಿಗಳಿವೆ. ಚೆಲ್ಸಿ, ಹ್ಯಾಂಪ್‌ಸ್ಟೆಡ್‌ನಂಥ ಸಿರಿವಂತರ ಬಡಾವಣೆಗಳ ದಾನದ ಅಂಗಡಿಗಳಲ್ಲಿ ಶುದ್ಧ ಉಣ್ಣೆಯ ಉತ್ತಮ ಕೋಟುಗಳು ದೊರೆಯುತ್ತವೆಂದು ಬಲ್ಲವರು ಬಸ್ಸು ಹಿಡಿದು ಅಲ್ಲಿಗೇ ಹೋಗುತ್ತಾರೆ.

ನಮ್ಮ ಧಾರವಾಡ ಕಡೆಯ ವಿದ್ಯಾರ್ಥಿಯೊಬ್ಬ ಅಂಥ ಅಂಗಡಿಯಿಂದ ಸಂದರ್ಶನಕ್ಕೆಂದು ಕರಿಯ ಸೂಟೊಂದನ್ನು ತಂದಿದ್ದನು. ತೊಟ್ಟು ತೋರಿಸಿದನು, ಅವನಿಗೆಂದೇ ಹೊಲಿದಂತಿತ್ತು. ಮೆಚ್ಚುಮಾತು ಹೇಳಿದೊಡನೆ ಅವನ ಮುಖ ಸಣ್ಣದಾಯಿತು.

"ಶಾಸ್ತ್ರಿಗಳೇ, ನಮ್ಮ ಅವ್ವಗ ಮಾತ್ರ ಹೇಳಬ್ಯಾಡ್ರಿ. ಮಂದಿ ಹಾಕ್ಕೊಂಡು ಬಿಟ್ಟ ಕೋಟು ಅಂತ ಗೊತ್ತಾದ್ರ ಅಕಿ ಊಟಾ ಬಿಡ್ತಾಳ. ಸತ್ತವರದೂ ಇರಬಹುದಲ್ರಿ."

ಆ ತಾಯಿಯ ಸಂಕಟ ಅರ್ಥವಾಗದ್ದೇನಲ್ಲ. ಮಗನು ಹೊಸ ಬಟ್ಟೆ ಉಡಲೆಂದು ಹರಸಿ ಕಳುಹಿಸಿದವಳು ಆಕೆ. ಆದರೆ ಅವನಿಗೆ ಹೇಳಿದ್ದಿಷ್ಟು: "ತಮ್ಮಾ, ಲಿಂಗಧಾರಿಗೆ ಪಂಚಸೂತಕಗಳಿಲ್ಲವೆಂದು ನಮ್ಮ ಹಿರಿಯರು ಸಾರಿದ್ದು ಗ್ರಂಥದಲ್ಲಿರಲೆಂದಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದನ್ನೂ ಅವರು ಕಳೆದರು. ಒಗೆದ ಬಟ್ಟೆಗೆ ಯಾವ ಮೈಲಿಗೆ? ಕೊಟ್ಟವನು ದಾನವೆಂದು ಕೊಟ್ಟ; ನೀನು ಕೊಟ್ಟ ಹಣ ಒಬ್ಬ ರೋಗಿಗೆ ಮುಟ್ಟಿತು. ಅವ್ವಗೆ ಮುಚ್ಚಿಡಬೇಡ, ಇದನ್ನೇ ತಿಳಿಸಿ ಹೇಳು." ಅವನು ಹೇಳಿದನೋ ಇಲ್ಲವೋ ಕೇಳಲಿಲ್ಲ. ಈ ಬರೆಹ ಅಂಥ ತಾಯಂದಿರ ಕೈಗೆ ಸಿಕ್ಕರೆ, ಸಾಲ ಮಾಡಿ ಹೊಸ ಸೂಟು ಕೊಂಡ ಮಗನಿಗಿಂತ ಈ ಮಗನು ಕುಲಕ್ಕೆ ಹೆಚ್ಚು ಗೌರವ ತಂದನೆಂದು ಅವರು ತಿಳಿಯಲೆಂಬುದೇ ನಮ್ಮ ಆಶಯ.

ಸೂಜಿಯ ಕಾಯಕ

ಅಗ್ಗವಾಗಿ ದೊರೆತ ಬಟ್ಟೆ ಮೈಗೊಪ್ಪುವುದು ಸೂಜಿಯ ಕೃಪೆಯಿಂದ. ಸಿದ್ಧ ಉಡುಪಿನಲ್ಲಿ ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದನ್ನು ಬಲ್ಲವನು ಮೋಸಹೋಗುವುದಿಲ್ಲ. ಪ್ಯಾಂಟಿನ ಕಾಲನ್ನು ಗಿಡ್ಡ ಮಾಡುವುದು ಸುಲಭ. ಸೊಂಟವನ್ನು ಒಂದೆರಡು ಅಂಗುಲ ಒಳಕ್ಕೆ ಹಿಡಿಯಬಹುದು. ಕೋಟಿನ ತೋಳನ್ನೂ ತಕ್ಕಮಟ್ಟಿಗೆ ಕಿರಿದು ಮಾಡಬಹುದು. ಹೆಗಲನ್ನು ತಿದ್ದುವುದು ಮಾತ್ರ ಕಠಿಣ. ತಿದ್ದಿದರೂ ಖರ್ಚು ಕೋಟಿನ ಬೆಲೆಯನ್ನು ಮೀರುತ್ತದೆ. ಆದುದರಿಂದ ಕೋಟನ್ನು ತೊಟ್ಟೊಡನೆ ನೋಡಬೇಕಾದುದು ಹೆಗಲಿನ ಹೊಲಿಗೆಯನ್ನು. ಅದು ನಮ್ಮ ಹೆಗಲಿನ ಅಂಚಿನಲ್ಲಿಯೇ ನಿಂತರೆ ಉಳಿದುದೆಲ್ಲ ಸರಿಪಡಿಸಬಹುದಾದುದು. ಲಂಡನ್ನಿನ ಬೀದಿಬೀದಿಯ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಇಂಥ ತಿದ್ದುಪಡಿ ಮಾಡಿಕೊಡುವವರಿದ್ದಾರೆ. ಕೆಲವೊಮ್ಮೆ ಅವರ ಕೂಲಿ ದಾನದ ಅಂಗಡಿಯ ಪ್ಯಾಂಟಿಗಿಂತಲೂ ಹೆಚ್ಚಾಗುವುದುಂಟು. ಅದಕ್ಕಾಗಿ ಗೊಣಗುವುದು ತರವಲ್ಲ. ಆ ನಾಡಿನಲ್ಲಿ ಕೈಕೆಲಸಕ್ಕೆ ಬೆಲೆಯಿದೆ. ಸೂಜಿಕಾಯಕದ ರಾಮಿತಂದೆ, ಜೇಡರ ದಾಸಿಮಯ್ಯ, ಮಡಿವಾಳ ಮಾಚಿದೇವರನ್ನು ಶರಣರೆಂದು ಪೂಜಿಸುವ ನಮಗೆ ಹೊಲಿಯುವವರ, ನೇಯುವವರ, ಒಗೆಯುವವರ ಕೂಲಿ ಹೆಚ್ಚೆನಿಸಬಾರದು. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಮುನ್ನ ಗುಂಡಿ ಹಚ್ಚುವುದನ್ನೂ ಅಂಚು ಮಡಿಸಿ ಹೊಲಿಯುವುದನ್ನೂ ಗಂಡು ಹೆಣ್ಣೆನ್ನದೆ ಕಲಿಸಿದರೆ ಅದೇ ಅವರ ಪೆಟ್ಟಿಗೆಯ ಹಗುರವಾದ ಆಸ್ತಿ.

ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಈಗಿನ ತರುಣರು ಮೆಚ್ಚುವ 'ಸ್ಲಿಮ್ ಫಿಟ್' ಶರ್ಟು ಎದೆಗೆ ಅಂಟಿಕೊಂಡಿರುತ್ತದೆ. ಅದರೊಳಗೆ ಕರಡಿಗೆಯಿದ್ದರೆ ಹೊರಗೆ ಉಬ್ಬಿ ಕಾಣುತ್ತದೆ, ಗುಂಡಿಗಳು ಬಿಗಿಯುತ್ತವೆ, ಕೊರಳಪಟ್ಟಿ ಶಿವದಾರವನ್ನು ಒತ್ತುತ್ತದೆ. ಜೊತೆಗಾರರು ಏನೆಂದು ಕೇಳುತ್ತಾರೆಂಬ ಸಂಕೋಚ ಬೇರೆ. ಮೊದಲು ಕೆಲಸದ ವೇಳೆಗೆ ಮಾತ್ರ ತೆಗೆದಿಡುತ್ತಾರೆ. ಬರಬರುತ್ತ ಅದು ಮೇಜಿನ ಖಾನೆಯಲ್ಲಿಯೇ ಉಳಿಯುತ್ತದೆ. ಯಾರೂ ಧರ್ಮವನ್ನು ಬಿಟ್ಟೆವೆಂದು ಬಿಟ್ಟವರಲ್ಲ. ಒಂದು ಅಂಗಿಯ ಅಳತೆಗಾಗಿ ಬಿಟ್ಟವರು. ಇದಕ್ಕೆ ಪರಿಹಾರ ಬಹು ಸುಲಭ. ಸಾಧಾರಣ ಅಳತೆಯ ಶರ್ಟನ್ನೇ ಆರಿಸಬೇಕು. ಕೊರಳ ಗುಂಡಿ ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ಆಡಬೇಕು. ಒಳಗೆ ಬನಿಯನ್ನು ತೊಟ್ಟು, ಬೆಳ್ಳಿಯ ದೊಡ್ಡ ಕರಡಿಗೆಗೆ ಬದಲಾಗಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಧರಿಸಿದರೆ ಉಬ್ಬೂ ಇಲ್ಲ, ಒತ್ತೂ ಇಲ್ಲ. ಅಂಗಡಿಯ ಕನ್ನಡಿಯ ಮುಂದೆ ಬಟ್ಟೆ ತೊಟ್ಟು ನೋಡುವಾಗಲೂ ಲಿಂಗಸಹಿತರಾಗಿಯೇ ತೊಟ್ಟು ನೋಡಬೇಕು. ಆ ದೇಶದ ೨೦೧೦ರ ಸಮಾನತಾ ಕಾಯಿದೆ ಧರ್ಮ ಮತ್ತು ನಂಬಿಕೆಗಳಿಗೆ ರಕ್ಷಣೆ ಕೊಟ್ಟಿರುವುದರಿಂದ ಕೇಳಿದವರಿಗೆ ನಿರ್ಭಯವಾಗಿ ತಿಳಿಸಿ ಹೇಳಬಹುದು.

ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ವಿಶ್ವಗುರು ಬಸವಣ್ಣನವರ ಪ್ರತಿಮೆಯಿದೆ. ಅದನ್ನು ಭಾರತದ ಪ್ರಧಾನಮಂತ್ರಿಗಳು ೨೦೧೫ರ ನವೆಂಬರ್ ೧೪ರಂದು ಅನಾವರಣಗೊಳಿಸಿದರು. ಅಲ್ಲಿಗೆ ಬಂದು ಕೈಮುಗಿಯುವ ನಮ್ಮವರಲ್ಲಿ ಇಳಕಲ್ಲಿನ ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಗೃಹಿಣಿಯರಿರುತ್ತಾರೆ, ಸೂಟುಧಾರಿಗಳಾದ ವೈದ್ಯರಿರುತ್ತಾರೆ, ದಾನದ ಅಂಗಡಿಯ ಜಾಕೀಟು ತೊಟ್ಟ ವಿದ್ಯಾರ್ಥಿಗಳೂ ಇರುತ್ತಾರೆ. ಯಾರ ಕೋಟು ಎಲ್ಲಿಯದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದೇಶಕ್ಕೆ ತಕ್ಕ ವೇಷವನ್ನು ಧರಿಸುವುದರಲ್ಲಿ ದೋಷವಿಲ್ಲ. ಚಳಿಯನ್ನು ತಡೆಯುವ, ಸಾಲಕ್ಕೆ ಗುರಿಮಾಡದ, ಎದೆಯ ಮೇಲಿನ ಲಿಂಗಕ್ಕೆ ಎಡೆಗೊಡುವ ಬಟ್ಟೆಯೇ ನಮಗೆ ಒಪ್ಪುವ ಬಟ್ಟೆ. ಪರದೇಶದಲ್ಲಿರುವ ನಮ್ಮ ಮಕ್ಕಳು ಪೇಟೆಗೆ ಹೊರಡುವಾಗ ಈ ಅಳತೆಯನ್ನೂ ಜೊತೆಗೆ ಒಯ್ಯಲಿ.