ಕೊನೆಯ ತಾಸು

ಜೂನ್ ಬಂತೆಂದರೆ ನಮ್ಮ ಅರಭಾವಿಯವರಿಗೆಲ್ಲ ಮಿರಗದ ಮಳೆಯ ಚಿಂತೆ. ನನಗೆ ಟೈಮ್‌ಟೇಬಲ್ಲಿನ ಚಿಂತೆ. ಪಡಸಾಲೆಯಲ್ಲಿ ದೊಡ್ಡ ಹಾಳೆ ಹಾಸಿಕೊಂಡು, ಪೆನ್ಸಿಲ್ಲು ರಬ್ಬರು ಹಿಡಿದು ಕೂತುಬಿಡುತ್ತೇನೆ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಕಲಿಸುವವಳಿಗೆ ಈ ಲೆಕ್ಕದ ಕೆಲಸ ಯಾಕೆ ಗಂಟುಬಿತ್ತು ಅನ್ನುತ್ತೀರಾ? "ಅಕ್ಕೋರ, ನಿಮ್ಮ ಅಕ್ಷರ ಮುತ್ತಿನಂಗ ಅದಾವ್ರಿ" ಎಂದು ಹಳೆಯ ಹೆಡ್‌ಮಾಸ್ತರರು ಒಮ್ಮೆ ಹೊಗಳಿದ್ದರು. ಅಷ್ಟಕ್ಕೇ ಉಬ್ಬಿ ಒಪ್ಪಿಕೊಂಡೆ.

ಇದರಲ್ಲೇನು ಮಹಾ ಎನ್ನುವವರು ಒಮ್ಮೆ ಎಣಿಸಿ ನೋಡಬೇಕು. ಒಂದು ತರಗತಿಗೆ ಆರು ವಿಷಯ, ದಿನಕ್ಕೆ ಆರು ತಾಸು ಎಂದುಕೊಳ್ಳೋಣ. ಅವನ್ನು 720 ರೀತಿಯಲ್ಲಿ ಜೋಡಿಸಬಹುದು. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ಸೇರಿದರೆ 37 ಕೋಟಿ 32 ಲಕ್ಷ 48 ಸಾವಿರ! ಅದೂ ಒಂದೇ ದಿನದ್ದು. ಅದರಲ್ಲಿ ಬಹಳಷ್ಟು ಕೆಲಸಕ್ಕೆ ಬಾರದವು. ಇದ್ದೊಬ್ಬ ಗಣಿತದ ಮಾಸ್ತರರು ಒಂದೇ ತಾಸಿಗೆ ಎರಡು ಕೋಣೆಯಲ್ಲಿ ನಿಲ್ಲಬೇಕಾಗುತ್ತದೆ.

ಇಂಥ ಎಣಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರುಚಿಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದು ಎಂಬ ಲೆಕ್ಕ ಅದರಲ್ಲಿದೆ. ಬಿಡಿ ರುಚಿಗಳೂ ಸೇರಿ ಒಟ್ಟು 63. ಆದರೆ ಸಾರು ಮಾಡುವಾಗ ನಾವು ಅರವತ್ಮೂರನ್ನೂ ಮಾಡಿ ನೋಡುತ್ತೇವೆಯೇ? ಯಾವುದನ್ನು ಬಿಡಬೇಕೆಂದು ಕೈಗೆ ಗೊತ್ತಿರುತ್ತದೆ.

ಯಂತ್ರಕ್ಕೆ ಆ ಕೈಗುಣ ಕಲಿಸುವುದೇ ಕೃತಕ ಬುದ್ಧಿಮತ್ತೆಯ ಹಳೆಯ ಕಸರತ್ತು. 1997ರಲ್ಲಿ ಕ್ಯಾಸ್ಪರೋವನನ್ನು ಚದುರಂಗದಲ್ಲಿ ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ನೆಲೆಗಳನ್ನು ನೋಡುತ್ತಿತ್ತು. ಅದಕ್ಕೂ ಎಲ್ಲ ದಾರಿ ನೋಡಿ ಮುಗಿಸಲಾಗಲಿಲ್ಲ. ಪ್ರಯೋಜನವಿಲ್ಲದ್ದನ್ನು ಬಿಡುತ್ತಲೇ ಆಡಿತು. ಶಾಲೆಯ ವೇಳಾಪತ್ರಿಕೆಯಂಥ ಲೆಕ್ಕ ಎಷ್ಟು ತೊಡಕಿನದೆಂದು 1976ರಲ್ಲಿಯೇ ಈವನ್, ಇಟಾಯ್, ಶಮೀರ್ ಎಂಬ ಮೂವರು ವಿದ್ವಾಂಸರು ಸಾಧಿಸಿ ತೋರಿಸಿದ್ದರಂತೆ. ಕೇಳಿ ನನ್ನ ರಬ್ಬರಿನ ಮೇಲೆ ಗೌರವ ಹೆಚ್ಚಿತು.

ಹೋದ ವರ್ಷ ನಮ್ಮ ಶಾಲೆಗೆ ಬಂದ ಕಂಪ್ಯೂಟರ್ ಕಲಿಸುವ ಹುಡುಗ ಲ್ಯಾಪ್‌ಟಾಪ್ ತೆರೆದು ಕೂತ. "ಇದು ಎಲ್ಲಾ ನೋಡೂದಿಲ್ರಿ ಅಕ್ಕೋರ. ಒಂದೊಂದ ಮನಿ ತುಂಬಕೋತ ಹೋಗತೈತಿ. ತಪ್ಪಾತಂದ್ರ ಅಲ್ಲಿಂದ ಹಿಂದ ಬಂದು ಬ್ಯಾರೆ ಹಾಕತೈತಿ" ಎಂದ. ನನಗೆ ಸ್ವೆಟರ್ ಹೆಣಿಗೆ ನೆನಪಾಯಿತು. ಎಳೆ ತಪ್ಪಿದಲ್ಲಿಗೆ ಬಿಚ್ಚಿ ಮತ್ತೆ ಹೆಣೆಯುತ್ತೇವಲ್ಲ, ಹಾಗೆ.

"ಬ್ಯಾರೆ ಷರತ್ತು ಏನರೆ ಅದಾವೇನ್ರಿ?" ಎಂದು ಕೇಳಿದ. ನಾನು ಸುಮ್ಮನಾದೆ.

ಬಹಳ ವರ್ಷಗಳ ಹಿಂದೆ ನಾನು ಮಾಡಿದ ಒಂದು ಟೈಮ್‌ಟೇಬಲ್ಲಿನಲ್ಲಿ ಒಂಬತ್ತನೆಯ ತರಗತಿಗೆ ಗಣಿತ ವಾರವೆಲ್ಲ ಕೊನೆಯ ತಾಸಿಗೆ ಬಿದ್ದಿತ್ತು. ಎಲ್ಲೂ ಡಿಕ್ಕಿಯಿಲ್ಲವೆಂದು ಎಲ್ಲರೂ ಹೊಗಳಿದ್ದರು. ಹಳ್ಳಿಯಿಂದ ಬರುತ್ತಿದ್ದ ನಾಲ್ಕು ಹುಡುಗಿಯರು ಸಂಜೆಯ ಬಸ್ಸಿಗೆಂದು ಅರ್ಧ ತಾಸಿನಲ್ಲೇ ಏಳುತ್ತಿದ್ದರು. ಕಣ್ಣಾರೆ ಕಂಡರೂ ನನಗೆ ಹೊಳೆಯಲಿಲ್ಲ. ಅವರಲ್ಲೊಬ್ಬಳು ಮುಂದೆ ಹತ್ತನೆಯದರಲ್ಲಿ ಗಣಿತದಲ್ಲೇ ಕೂತಳು. ಆ ವರ್ಷವೇ ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ ಗೋಕಾಕದ ಸಂತೆಯಲ್ಲಿ ಸಿಕ್ಕು ಕಾಲಿಗೆ ನಮಸ್ಕಾರ ಮಾಡಿ, "ಗಣಿತದ ತಾಸಿಗೆ ನಾ ಎಂದೂ ಪೂರ್ತಿ ಕುಂತಿರಲಿಲ್ರಿ ಅಕ್ಕೋರ" ಎಂದು ನಕ್ಕಳು. ನನ್ನನ್ನು ದೂರಲಿಲ್ಲ. ಆ ಚಾರ್ಟ್ ಬರೆದವಳು ನಾನೆಂದು ಅವಳಿಗೆ ಗೊತ್ತಿರಲೂ ಇಲ್ಲ.

"ಬರಕೋಪಾ, ಕೊನೇ ತಾಸಿಗೆ ಗಣಿತ ಬ್ಯಾಡ, ವಿಜ್ಞಾನ ಬ್ಯಾಡ, ಇಂಗ್ಲಿಷ್ ಬ್ಯಾಡ" ಎಂದೆ.

ಯಂತ್ರ ಬಹಳ ಹೊತ್ತು ತಡಕಾಡಿ, ಆಗುವುದಿಲ್ಲ ಎಂದಿತು. ಯಾರದಾದರೂ ಒಂದು ಅನುಕೂಲ ಬಿಡಬೇಕಿತ್ತು. ಊಟದ ನಂತರದ ನನ್ನ ಬಿಡುವಿನ ತಾಸನ್ನು ಬಿಟ್ಟುಕೊಟ್ಟೆ. ಆಟದ ಮಾಸ್ತರರು ಗೊಣಗುತ್ತಲೇ ಸಂಜೆಯ ತಾಸು ಒಪ್ಪಿದರು. ಮರುಕ್ಷಣವೇ ಹಾಳೆ ತುಂಬಿತು.

ಈಗ ಊಟದ ಮೇಲೆ ಕಣ್ಣು ಎಳೆಯುತ್ತಿದ್ದರೂ ನಿಂತು ಪಾಠ ಮಾಡುತ್ತೇನೆ. ಸಂಜೆ ಹುಡುಗಿಯರು ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡುವುದನ್ನು ಕಿಟಕಿಯಿಂದ ನೋಡುತ್ತೇನೆ. ಅವರ ಗಣಿತ ಬೆಳಿಗ್ಗೆಯೇ ಮುಗಿದಿರುತ್ತದೆ.