ತುಮಕೂರಿನ ಸುತ್ತ ನಕ್ಷತ್ರ ಕಾಣುವ ತಾಣವನ್ನು ಅರಸುತ್ತಾ

ಆಕಾಶದ ವಿಷಯದಲ್ಲಿ ತುಮಕೂರಿನವರಾದ ನಮ್ಮ ಸ್ಥಿತಿ ವಿಚಿತ್ರವಾದುದು. ಬೆಂಗಳೂರಿನವರು ನಕ್ಷತ್ರಗಳ ಆಸೆಯನ್ನು ಎಂದೋ ಬಿಟ್ಟಿದ್ದಾರೆ. ಹಳ್ಳಿಯವರಿಗೆ ಅವು ಅಂಗಳದಲ್ಲೇ ಇವೆ. ರಾಜಧಾನಿಯಿಂದ ಸುಮಾರು 70 ಕಿ.ಮೀ. ದೂರದಲ್ಲಿದ್ದು ಕ್ರಮೇಣ ಅದರ ಹೊರವಲಯವೇ ಆಗುತ್ತಿರುವ ಊರಿನ ನಾವು ಮಾತ್ರ, ತಲೆಯೆತ್ತಿದರೆ ಹತ್ತಿಪ್ಪತ್ತು ಚುಕ್ಕೆಗಳನ್ನು ಕಂಡು, ಇಷ್ಟೇ ಇರಬೇಕೆಂದು ಸುಮ್ಮನಾಗುತ್ತೇವೆ. ಬೀದಿಗಳಿಗೆಲ್ಲ ಎಲ್‌ಇಡಿ ದೀಪಗಳು ಬಂದ ಮೇಲೆ ಆ ಚುಕ್ಕೆಗಳೂ ಕಡಿಮೆಯಾದವು. ನಮ್ಮ ಮನೆಯ ತಾರಸಿಯಿಂದ ಕೃತ್ತಿಕೆಯ ಗುಂಪು ಈಗ ಒಂದು ಮಸುಕು ಕಲೆಯಂತೆ ತೋರುತ್ತದೆ, ಅದೂ ಕೆಲವು ರಾತ್ರಿಗಳಲ್ಲಿ ಮಾತ್ರ.

ಒಳ್ಳೆಯ ತಾಣವನ್ನು ಹುಡುಕಲೇಬೇಕೆಂಬ ಹಟ ನಮಗೆ ಬಂದುದು ಇಬ್ಬರಿಂದಾಗಿ. ಒಬ್ಬನು ನಮ್ಮ ಹನ್ನೊಂದು ವರ್ಷದ ಮಗ. ಉಪವಾಸದ ಆರಂಭವನ್ನು ಮುಂಜಾವಿನ ಬಿಳಿ ಎಳೆಯು ಕಪ್ಪು ಎಳೆಯಿಂದ ಬೇರ್ಪಡುವ ಹೊತ್ತಿಗೆ ಜೋಡಿಸಿರುವ ಸೂಕ್ತವನ್ನು (ಅಲ್‌ಬಕರಃ, 187) ಮದ್ರಸಾದಲ್ಲಿ ಕಲಿತು ಬಂದವನು, ಆ ಎಳೆ ನೋಡಲು ಹೇಗಿರುತ್ತದೆಂದು ಕೇಳಿದನು. ಹುಟ್ಟಿದಂದಿನಿಂದ ಅವನು ಸಹರಿಯನ್ನು ನಿಲ್ಲಿಸಿದ್ದು ಮೊಬೈಲ್‌ನ ಸದ್ದಿಗೆ ಅಥವಾ ಗೋಡೆಯ ಮೇಲಿನ ವೇಳಾಪಟ್ಟಿಗೆ. ಮತ್ತೊಬ್ಬರು ಎಪ್ಪತ್ತೆಂಟರ ನಮ್ಮ ಅಬ್ಬಾ. ಯೌವನದಲ್ಲಿ ಅವರು ಹುಣಸೆಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಕಾಯಿ ಬಲಿತ ಮೇಲೆ ತಿಂಗಳುಗಟ್ಟಲೆ ಮರದ ಕೆಳಗೇ ಮಲಗಿ ಕಾವಲು ಕಾಯುವುದು ಆ ವ್ಯಾಪಾರದ ಕ್ರಮ. ಗಡಿಯಾರವಿಲ್ಲದೆ ಫಜ್ರ್ ಹೊತ್ತನ್ನು ಅರಿಯುವ ವಿದ್ಯೆ ಅವರಿಗೆ ಬಂದುದು ಹಾಗೆ. ಮೊಮ್ಮಗನ ಪ್ರಶ್ನೆಗೆ ಅವರು ಬಾಯಿಮಾತಿನ ಉತ್ತರ ಕೊಡಲಿಲ್ಲ. "ಕರೆದುಕೊಂಡು ಹೋಗಿ, ತೋರಿಸುತ್ತೇನೆ" ಎಂದರು. ಆದರೆ ಸಕ್ಕರೆ ಕಾಯಿಲೆಯು ಅವರ ಕಣ್ಣಿನ ಹಿಂಪದರವನ್ನು ತಿನ್ನುತ್ತಿತ್ತು. ಹೋದ ದೃಷ್ಟಿ ಮರಳದು, ಉಳಿದುದನ್ನು ಕಾಪಾಡಿಕೊಳ್ಳಬಹುದು ಅಷ್ಟೆ ಎಂದು ವೈದ್ಯರು ತಿಳಿಸಿದ್ದರು. ಹಾಗಾಗಿ ಮುಂದಿನ ವರ್ಷ ನೋಡೋಣ ಎನ್ನುವಂತಿರಲಿಲ್ಲ.

ತುಮಕೂರಿನಲ್ಲಿ ನಕ್ಷತ್ರ ನೋಡಬೇಕೆಂದರೆ ಎಲ್ಲರೂ ಮೊದಲು ಹೇಳುವ ಹೆಸರು ದೇವರಾಯನದುರ್ಗ. ಎತ್ತರವಾದ ಬೆಟ್ಟ, ಕಾಡು, ಊರಿಗೆ ಹತ್ತಿರ. ನಮ್ಮ ಅಭಿಪ್ರಾಯದಲ್ಲಿ ಈ ಸಲಹೆ ಸೂರ್ಯಾಸ್ತ ನೋಡುವವರಿಗೆ ಸರಿ. ಎತ್ತರಕ್ಕೆ ಏರಿದರೆ ದೀಪಗಳು ಮರೆಯಾಗುವುದಿಲ್ಲ, ಇನ್ನಷ್ಟು ಕಾಣುತ್ತವೆ. ಅಲ್ಲಿಂದ ಒಂದು ಕಡೆ ತುಮಕೂರಿನ ಬೆಳಕು, ಆಗ್ನೇಯದಲ್ಲಿ ಬೆಂಗಳೂರಿನ ಬೆಳಕು, ನಡುವೆ ಹೆದ್ದಾರಿ. ಮೇಲಾಗಿ ಚಿರತೆ, ಕರಡಿಗಳಿರುವ ಕಾಡಿನಲ್ಲಿ ಮಕ್ಕಳೊಂದಿಗೆ ರಾತ್ರಿ ನಿಲ್ಲುವುದು ಯೋಗ್ಯವಲ್ಲ.

ತಾಣವನ್ನು ಆರಿಸುವಾಗ ದೂರಕ್ಕಿಂತ ದಿಕ್ಕು ಮುಖ್ಯವೆಂಬುದು ನಕ್ಷೆಯನ್ನು ಹರಡಿ ಕುಳಿತಾಗ ನಮಗೆ ಸ್ಪಷ್ಟವಾಯಿತು. ಉಪಗ್ರಹಗಳು ದಾಖಲಿಸಿದ ರಾತ್ರಿಬೆಳಕಿನ ನಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಕೇವಲ 13 ಡಿಗ್ರಿಯಲ್ಲಿರುವುದರಿಂದ ದಕ್ಷಿಣದ ಆಕಾಶದ ಬಹುಭಾಗ ನಮಗೆ ಲಭ್ಯ. ಯುರೋಪಿನ ಬಹುಪಾಲು ಜನರ ಪಾಲಿಗೆ ದಿಗಂತದ ಕೆಳಗೇ ಉಳಿಯುವ ಅಗಸ್ತ್ಯ ನಕ್ಷತ್ರ, ಅಂದರೆ ಅರಬರ ಸುಹೈಲ್, ನಮ್ಮಲ್ಲಿ ಧಾರಾಳವಾಗಿ ಮೇಲೇರುತ್ತದೆ. ಆಕಾಶಗಂಗೆಯ ಅತಿ ದಟ್ಟವಾದ ಭಾಗವೂ ದಕ್ಷಿಣದಲ್ಲೇ ಇದೆ. ಆದುದರಿಂದ ನಿಮ್ಮ ದಕ್ಷಿಣಕ್ಕೆ ನಗರವಿರಬಾರದು. ಊರಿನಿಂದ ಉತ್ತರಕ್ಕೆ, ಕೊರಟಗೆರೆ, ಮಧುಗಿರಿಗಳ ಕಡೆಗೆ ಹೊರಟರೆ ಮಾರ್ಗವೇನೋ ಸುಂದರ, ಆದರೆ ಬಿಟ್ಟುಬಂದ ಬೆಳಕೆಲ್ಲ ದಕ್ಷಿಣದಲ್ಲಿ ನಿಂತಿರುತ್ತದೆ. ಶಿರಾ ರಸ್ತೆಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ದೀಪಗಳಿವೆ. ಉಳಿದುದು ನೈಋತ್ಯ: ಕುಣಿಗಲ್ ದಾಟಿ ತುರುವೇಕೆರೆಯ ಕಡೆಗೆ. ಅಲ್ಲಿಂದ ದಕ್ಷಿಣಕ್ಕೆ ನಾಗಮಂಗಲದ ಹಳ್ಳಿಗಳು, ಹೊಲಗಳು. ಬೆಂಗಳೂರು ನೂರು ಕಿಲೋಮೀಟರಿಗೂ ದೂರದಲ್ಲಿ, ಪೂರ್ವಕ್ಕೆ ಸರಿದಿರುತ್ತದೆ.

ಆದರೆ ಅದು ತೆಂಗಿನ ಸೀಮೆ! ಎಲ್ಲಿ ನಿಂತರೂ ಗರಿಗಳ ನಡುವಿನ ತುಂಡು ಆಕಾಶ. ಕೆರೆಯ ಏರಿಗಳು ಬಯಲಾಗಿರುತ್ತವೆ ನಿಜ, ಆದರೆ ಚಳಿಗಾಲದ ಬೆಳಗಿನ ಜಾವದಲ್ಲಿ ನೀರಿನಿಂದೆದ್ದ ಮಂಜು ದಿಗಂತವನ್ನು ನುಂಗುತ್ತದೆ. ಹಾಗಾಗಿ ನಾವು ಹುಡುಕಬೇಕಾದುದು ಸ್ವಲ್ಪ ದಿಣ್ಣೆಯ ಮೇಲಿನ, ಕುಯಿಲಾದ ರಾಗಿಹೊಲವನ್ನು.

ಯಾವಾಗ ಹೋಗಬೇಕೆಂಬುದನ್ನು ಮುಸ್ಲಿಮ್ ಕುಟುಂಬಗಳು ಯಾರನ್ನೂ ಕೇಳಬೇಕಿಲ್ಲ. ಖಗೋಳಪ್ರಿಯರು ಚಂದ್ರನ ಹಂತಗಳ ಪಟ್ಟಿಯನ್ನು ಹುಡುಕುತ್ತಾರೆ, ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಹಿಜರಿ ಕ್ಯಾಲೆಂಡರ್ ತೂಗುತ್ತಿರುತ್ತದೆ. ತಿಂಗಳ 22ರ ನಂತರ ಚಂದ್ರನು ಮಧ್ಯರಾತ್ರಿ ಕಳೆದು ಹುಟ್ಟುತ್ತಾನೆ, ಆಗ ಇಶಾದ ನಂತರದ ಆಕಾಶ ಕತ್ತಲಾಗಿರುತ್ತದೆ. ತಿಂಗಳ ಮೊದಲ ಒಂಬತ್ತು ಹತ್ತು ದಿನ ಅವನು ಬೆಳಗಿನ ಜಾವಕ್ಕೆ ಮೊದಲೇ ಮುಳುಗಿರುತ್ತಾನೆ, ಆಗ ಫಜ್ರ್‌ಗೆ ಮುಂಚಿನ ಆಕಾಶ ಕತ್ತಲು. ರಾತ್ರಿಯಿಡೀ ಬೇಕಿದ್ದರೆ ಚಂದ್ರದರ್ಶನದ ಆಚೀಚೆಯ ದಿನಗಳು. ಇನ್ನು ಋತುವಿನ ಮಾತು. ಸಂಜೆಯಲ್ಲಿ ಆಕಾಶಗಂಗೆ ವೈಭವದಿಂದಿರುವ ತಿಂಗಳುಗಳನ್ನು ನಮ್ಮ ಸೀಮೆಯಲ್ಲಿ ಮಳೆಮೋಡ ಕಸಿದುಕೊಳ್ಳುತ್ತದೆ. ಅದನ್ನು ನೋಡಬಯಸುವವರು ಫೆಬ್ರವರಿ, ಮಾರ್ಚ್‌ಗಳಲ್ಲಿ ಸಹರಿಯ ಹೊತ್ತಿಗೆ ಆಗ್ನೇಯಕ್ಕೆ ಕಣ್ಣು ಹಾಯಿಸಬೇಕು. ಈ ಕೆಲವು ವರ್ಷಗಳಲ್ಲಿ ರಮಝಾನ್ ಅದೇ ತಿಂಗಳುಗಳಲ್ಲಿ ಬರುತ್ತಿರುವುದು ನಮ್ಮ ಭಾಗ್ಯ.

ನಕ್ಷೆಯಲ್ಲಿ ಕತ್ತಲಾಗಿರುವ ಸ್ಥಳವೆಲ್ಲವೂ ನಿಲ್ಲಬಹುದಾದ ಸ್ಥಳವಲ್ಲ. ಮೊದಲ ಬಾರಿ ನಾವು ಒಂದು ಮಣ್ಣುರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಎರಡು ಬೈಕುಗಳು ಬಂದು ನಿಂತವು. ಯಾವ ಊರು, ಇಲ್ಲೇನು ಕೆಲಸ, ಡಿಕ್ಕಿ ತೆಗೆಯಿರಿ. ನಕ್ಷತ್ರ ನೋಡಲು ಬಂದಿದ್ದೇವೆಂಬ ಉತ್ತರ ನಮ್ಮ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಆ ಹುಡುಗರನ್ನು ಪೂರ್ತಿಯಾಗಿ ದೂರಲಾರೆವು. ಪಂಪ್‌ಸೆಟ್ಟಿನ ಕೇಬಲ್ಲು, ಕೂಡಿಟ್ಟ ಕೊಬ್ಬರಿ ಕಳುವಾಗುವ ಕಾಲದಲ್ಲಿ ರಾತ್ರಿ ಹತ್ತರ ಮೇಲೆ ಹೊಲದ ಬಳಿ ನಿಂತ ಅಪರಿಚಿತ ವಾಹನವನ್ನು ಯಾರಾದರೂ ಕೇಳುತ್ತಾರೆ. ಆದರೆ ಗಡ್ಡವನ್ನೂ ಬುರ್ಖಾವನ್ನೂ ಕಂಡ ಮೇಲೆ ಪ್ರಶ್ನೆಗಳ ಧ್ವನಿ ಬದಲಾಯಿತೆಂಬುದನ್ನು ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಗಮನಿಸಿದ್ದರು. ಮರಳುವ ದಾರಿಯಲ್ಲಿ ಮಗಳು ಒಂದು ಮಾತನ್ನೂ ಆಡಲಿಲ್ಲ. ಇನ್ನು ಹೋಗುವುದೇ ಬೇಡವೆಂದು ಮನೆಯಲ್ಲಿ ಮಾತಾಯಿತು.

ಅಬ್ಬಾ ಮಾತ್ರ ಒಪ್ಪಲಿಲ್ಲ. ಹುಣಸೆಮರದ ಕಾಲದಲ್ಲಿ ಅವರು ಯಾರ ಹೊಲದಲ್ಲೂ ಕೇಳದೆ ಮಲಗಿದವರಲ್ಲವಂತೆ. ತುರುವೇಕೆರೆ ಕಡೆಯ ಹಳ್ಳಿಯೊಂದರ, ತಮಗಿಂತ ಕಿರಿಯರಾದ ಗೌಡರೊಬ್ಬರನ್ನು ನೆನೆದರು. ಅವರ ತಂದೆಯ ಮರಗಳನ್ನು ಅಬ್ಬಾ ಎಂಟು ವರ್ಷ ಗುತ್ತಿಗೆ ಹಿಡಿದಿದ್ದರು. ಒಂದು ಭಾನುವಾರ ಹಗಲಿನಲ್ಲೇ ಹೋದೆವು. ಗೌಡರು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಹಿಡಿದ ಮೇಲೆ ಎಳನೀರು ಕುಡಿಸದೆ ಬಿಡಲಿಲ್ಲ. ವಿಷಯ ಕೇಳಿ, "ಚುಕ್ಕಿ ನೋಡಕ್ಕೆ ಅಷ್ಟು ದೂರದಿಂದ ಬಂದ್ರಾ ಸಾಬ್ರೇ?" ಎಂದು ನಕ್ಕರು. ನಂತರ ತಾವೇ ನಡೆದು ದಿಣ್ಣೆಯ ಮೇಲಿನ ಹೊಲವನ್ನೂ ಅದರ ಅಂಚಿನ ಕಣವನ್ನೂ ತೋರಿಸಿದರು. ಪೂರ್ವಕ್ಕೂ ದಕ್ಷಿಣಕ್ಕೂ ಒಂದು ಮರವೂ ಅಡ್ಡವಿರಲಿಲ್ಲ. ಹಗಲಿನಲ್ಲಿ ಹೋಗಿ ಅನುಮತಿ ಕೇಳುವುದು ಈ ಹವ್ಯಾಸದ ಮೊದಲ ಪಾಠವಾಗಬೇಕೆಂದು ನಮಗನ್ನಿಸುತ್ತದೆ. ಮಹಿಳೆಯರು, ಮಕ್ಕಳು, ವೃದ್ಧರೊಂದಿಗೆ ಹೋಗುವವರಿಗೆ ಇದು ದುರ್ಬೀನಿಗಿಂತ ಹೆಚ್ಚು ಅಗತ್ಯ.

ನವೆಂಬರ್‌ನ ಒಂದು ಶನಿವಾರ, ಚಂದ್ರದರ್ಶನವಾದ ಮರುದಿನ ಹೊರಟೆವು. ಟಾರ್ಪಾಲ್, ಕಂಬಳಿ, ಚಹಾದ ಫ್ಲಾಸ್ಕ್, ಒಂದು ಸಾಧಾರಣ ದುರ್ಬೀನು, ಕೆಂಪು ಗಾಳಿಪಟದ ಕಾಗದ ಕಟ್ಟಿದ ಟಾರ್ಚು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಮ್ಮೆ ಮೊಬೈಲ್ ತೆರೆದರೆ ಲೆಕ್ಕ ಮೊದಲಿನಿಂದ. ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ. ಇಶಾ ನಮಾಝ್ ಮುಗಿಸಿ ಮಲಗಿ ನೋಡಿದಾಗ ಮಕ್ಕಳಿಗೆ ಮೊದಲು ಭಯವೇ ಆಯಿತು, ಅಷ್ಟೊಂದು ಇದ್ದವು. ಪೂರ್ವದಲ್ಲಿ ಕೃತ್ತಿಕೆ, ಅದರ ಹಿಂದೆಯೇ ಕೆಂಪಾದ ರೋಹಿಣಿ. ಅರಬರು ಕೃತ್ತಿಕೆಯನ್ನು ಸುರಯ್ಯಾ ಎಂದೂ, ಅದನ್ನು ಹಿಂಬಾಲಿಸುವ ಈ ತಾರೆಯನ್ನು ದಬರಾನ್, ಅಂದರೆ ಹಿಂಬಾಲಕ ಎಂದೂ ಕರೆದರು. ಇಂಗ್ಲಿಷಿನ ಆಲ್ಡೆಬರನ್ ಅದೇ ಶಬ್ದ. ಗೌಡರು ಕಂಬಳಿ ಹೊದ್ದು ಬಂದು ಕುಳಿತಿದ್ದರು. "ರೋಹಿಣಿ ಮಳೆ ಅಂತೀವಲ್ಲ, ಆ ರೋಹಿಣಿ ಇದೇನಾ?" ಎಂದರು. ಸೂರ್ಯನು ಆ ನಕ್ಷತ್ರದ ಬಳಿಯಿರುವಾಗ ಬೀಳುವ ಮಳೆಗೆ ಆ ಹೆಸರು, ಆದುದರಿಂದ ಮಳೆಯ ದಿನಗಳಲ್ಲಿ ನಕ್ಷತ್ರ ಕಾಣುವುದಿಲ್ಲ ಎಂದೆವು. ಅರವತ್ತು ವರ್ಷ ಅದರ ಹೆಸರು ಹೇಳಿ ಬಿತ್ತಿದವರು ಅದನ್ನು ಬಹಳ ಹೊತ್ತು ನೋಡಿದರು.

ಉತ್ತರದಲ್ಲಿ ಮೇಲೆ, ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಮಸುಕು ಕಲೆ ಬರಿಗಣ್ಣಿಗೇ ಕಂಡಿತು. ಅಬ್ದುರ್ರಹ್ಮಾನ್ ಅಸ್ಸೂಫಿಯವರು 964ರ ಸುಮಾರಿಗೆ ಇಸ್ಫಹಾನಿನಲ್ಲಿ ರಚಿಸಿದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಇದನ್ನು ಪುಟ್ಟ ಮೋಡವೆಂದು ದಾಖಲಿಸಿದ್ದಾರೆ. ಅದು ನಮ್ಮದಲ್ಲದ ಇನ್ನೊಂದು ಗೆಲಾಕ್ಸಿಯೆಂದು 20ನೇ ಶತಮಾನದಲ್ಲಿ ತಿಳಿಯಿತು. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು. ತುಮಕೂರಿನ ತಾರಸಿಯಿಂದ ಅದನ್ನು ಕಾಣುವ ಆಸೆಯನ್ನು ಬಿಡಬೇಕು.

ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿದೆವು. ಕಂಬಳಿಗಳು ಇಬ್ಬನಿಯಿಂದ ತೊಯ್ದಿದ್ದವು. ಲುಬ್ಧಕವು, ಸೂರಃ ಅನ್ನಜ್ಮ್‌ನಲ್ಲಿ ಹೆಸರಿಸಲ್ಪಟ್ಟ ಶಿಅ್‌ರಾ, ನಡುಬಾನನ್ನು ದಾಟಿ ಪಶ್ಚಿಮಕ್ಕೆ ವಾಲಿತ್ತು. ಅದಕ್ಕೂ ಕೆಳಗೆ, ದಕ್ಷಿಣದಲ್ಲಿ ಸುಹೈಲ್. ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಏಳುತ್ತಿತ್ತು. ಅದರ ಬಾಲದ ನಡುವಿನ ತಾರೆಗೆ ಅಂಟಿಕೊಂಡಂತಿರುವ ಚಿಕ್ಕ ಚುಕ್ಕೆಯನ್ನು ನಮ್ಮ ನಾಡಿನವರು ಅರುಂಧತಿ ಎನ್ನುತ್ತಾರೆ, ಅರಬರು ಸುಹಾ ಎನ್ನುತ್ತಿದ್ದರು. ಅದರಿಂದ ದೃಷ್ಟಿಯನ್ನು ಪರೀಕ್ಷಿಸುತ್ತಿದ್ದರು. ಮಗ, ಮಗಳು ಇಬ್ಬರೂ ಕಂಡರು. ಅಬ್ಬಾ ಆ ಕಡೆಗೆ ಮುಖ ಮಾಡಿದರು, ಏನೂ ಹೇಳಲಿಲ್ಲ. ಏಳು ತಾರೆಗಳೂ ಅವರಿಗೆ ಕಾಣುತ್ತಿಲ್ಲವೆಂಬುದು ನಮಗೆ ಆಗ ತಿಳಿಯಿತು.

ಪೂರ್ವದ ದಿಗಂತದಲ್ಲಿ ಒಂದು ಕಿತ್ತಳೆ ಪಟ್ಟಿಯಿತ್ತು. "ದಾದಾ, ಸುಬಹ್ ಆಯಿತು" ಎಂದನು ಮಗ. ಅಬ್ಬಾ ಕೇಳಿದರು: "ಮಲಗುವಾಗಲೂ ಇತ್ತೇ?" ಇತ್ತು. "ಹಾಗಾದರೆ ಅದು ಬೆಂಗಳೂರು." ಹದಿನೈದು ನಿಮಿಷಗಳ ನಂತರ ಆ ಪಟ್ಟಿಯ ಮೇಲಿನಿಂದ ಒಂದು ಮಬ್ಬಾದ ಬಿಳಿ ಬೆಳಕು ಓರೆಯಾಗಿ ಮೇಲಕ್ಕೆ ಚಾಚಿಕೊಂಡಿತು: ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು. ಅಬ್ಬಾ ಕುರ್ಚಿಯಲ್ಲಿ ಕುಳಿತು, ಹೊಲದ ಕಡೆಗೆ ಕಿವಿಯಿಟ್ಟವರಂತೆ ಪ್ರಶ್ನೆ ಕೇಳುತ್ತಾ ಹೋದರು. "ಬೆಳಕು ನಿಂತಿದೆಯೋ, ಮಲಗಿದೆಯೋ?" ನಿಂತಿದೆ. "ಅದರ ಒಳಗೆ ನಕ್ಷತ್ರಗಳು ಕಾಣುತ್ತಿವೆಯೋ?" ಕಾಣುತ್ತಿವೆ. "ಅದು ಕಾಝಿಬ್. ಇನ್ನೂ ಊಟ ಮಾಡಬಹುದು." ಗ್ರಹಗಳ ಕಕ್ಷೆಗಳ ಸಮತಲದಲ್ಲಿ ಹರಡಿರುವ ಧೂಳು ಸೂರ್ಯನ ಬೆಳಕನ್ನು ಚೆದುರಿಸುವುದರಿಂದ ಈ ಸುಳ್ಳು ಮುಂಜಾವು ಮೂಡುತ್ತದೆ. ಹಿಂದಿನ ವಿದ್ವಾಂಸರು ಇದನ್ನು ತೋಳದ ಬಾಲಕ್ಕೆ ಹೋಲಿಸಿದ್ದಾರೆ.

ಐದು ಗಂಟೆ ದಾಟಿದ ಮೇಲೆ ಮಗಳೇ ಮೊದಲು ಹೇಳಿದಳು: "ದಾದಾ, ಈಗ ಮಲಗಿದೆ." ದಿಗಂತದ ಉದ್ದಕ್ಕೂ, ಎಡದಿಂದ ಬಲಕ್ಕೆ, ತೆಳುವಾದ ಬಿಳುಪು ಹರಡಿಕೊಳ್ಳುತ್ತಿತ್ತು. ಅದರ ಕೆಳಗೆ ನೆಲ ಕಪ್ಪಾಗಿತ್ತು. ಮಗ ಆ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲೇ ಎಳೆದು ನೋಡಿದನು. ಅಬ್ಬಾ ಆಗ ಇಬ್ನು ಉಮ್ಮಿ ಮಕ್ತೂಮ್(ರ)ರ ವಿಷಯ ಹೇಳಿದರು. ಪ್ರವಾದಿ(ಸ)ಯವರ ಮಸೀದಿಯಲ್ಲಿ ಬಿಲಾಲ್(ರ)ರು ಇರುಳಿರುವಾಗಲೇ ಅಝಾನ್ ಕೊಡುತ್ತಿದ್ದರು. ಫಜ್ರ್‌ನ ಅಝಾನ್ ಇಬ್ನು ಉಮ್ಮಿ ಮಕ್ತೂಮ್‌ರದು. ಅವರು ಅಂಧರಾಗಿದ್ದರು. ಬೆಳಗಾಯಿತೆಂದು ಜನರು ಹೇಳುವ ತನಕ ಅವರು ಕರೆ ಕೊಡುತ್ತಿರಲಿಲ್ಲ. ಅಷ್ಟು ಹೇಳಿ ಅಬ್ಬಾ ಮೊಮ್ಮಗನ ಭುಜ ಹಿಡಿದು ಎದ್ದು, ಕಿಬ್ಲಾದ ಕಡೆಗೆ ತಿರುಗಿ ತಾವೇ ಅಝಾನ್ ಕೊಟ್ಟರು. ಗೌಡರ ಮನೆಯ ನಾಯಿ ಬೊಗಳಿತು, ಗೌಡರು ಅದನ್ನು ಗದರಿಸಿ ಸುಮ್ಮನಾಗಿಸಿದ್ದು ಕೇಳಿಸಿತು.

ಆ ನಂತರ ಎರಡು ಬಾರಿ ಅಲ್ಲಿಗೆ ಹೋಗಿದ್ದೇವೆ. ಕಳೆದ ತಿಂಗಳು ಗೌಡರು ಫೋನ್ ಮಾಡಿ, ಅವರ ಊರಿನ ಸರ್ಕಲ್ಲಿಗೆ ಎತ್ತರದ ಕಂಬದ ದೀಪ ಬಂದಿದೆಯೆಂದು ತಿಳಿಸಿದರು. ಊರಿನ ಹೆಂಗಸರಿಗೆ ಅದರಿಂದ ಅನುಕೂಲವಾಗಿದೆ, ಬೇಡವೆನ್ನಲು ನಾವು ಯಾರು? ಹೊಲದ ಪೂರ್ವ ದಿಕ್ಕು ಸ್ವಲ್ಪ ಕೆಟ್ಟಿದೆಯಂತೆ. ಅವರ ಬೀಗರೊಬ್ಬರ ಹೊಲ ಇನ್ನೂ ಆರು ಕಿಲೋಮೀಟರ್ ಪಶ್ಚಿಮಕ್ಕಿದೆ, ಮಾತಾಡಿ ಇಟ್ಟಿದ್ದೇನೆ ಎಂದರು. ಬರುವ ಚಂದ್ರದರ್ಶನಕ್ಕೆ ಮೊದಲಿನ ಭಾನುವಾರ, ಹಗಲಿನಲ್ಲಿ, ಅಬ್ಬಾರನ್ನು ಕರೆದುಕೊಂಡು ಹೋಗಿ ನೋಡಿ ಬರಬೇಕು.